ಲಿವರ್‌ಪೂಲ್ ಎಚ್‌ಐವಿ ಇಂಟರಾಕ್ಷನ್ ಚೆಕರ್: ವಿಟಮಿನ್, ಮೂಲಿಕೆ ಶುರು ಮಾಡುವ ಮುಂಚೆ ಒಮ್ಮೆ ನೋಡಿ

ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರು ಅದರ ಜೊತೆಗೆ ವಿಟಮಿನ್ ಮಾತ್ರೆಯನ್ನೋ, ಗಿಡಮೂಲಿಕೆಯ ಕ್ಯಾಪ್ಸೂಲನ್ನೋ ಶುರು ಮಾಡುವ ಮುಂಚೆ ನೋಡಲೇಬೇಕಾದ ಜಾಗ ಒಂದಿದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದವರು ನಡೆಸುವ ಎಚ್‌ಐವಿ ಡ್ರಗ್ ಇಂಟರಾಕ್ಷನ್ಸ್ ಸೈಟ್. ಅದಕ್ಕೊಂದು ಆ್ಯಪ್ ಕೂಡ ಇದೆ, ಎಚ್‌ಐವಿ ಐಚಾರ್ಟ್ ಅಂತ. ನಾನೂ ಎಆರ್‌ಟಿ, ಅಂದರೆ ಎಚ್‌ಐವಿಯ ಔಷಧಿ ತೆಗೆದುಕೊಳ್ಳುವವನೇ, ಬಹಳ ಕಾಲದಿಂದ ಇದನ್ನು ಬಳಸುತ್ತಿದ್ದೇನೆ. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಆದರೆ ಅದು ನಿಮಗೆ ಹೇಳುವುದು ಒಂದು ಪದಾರ್ಥದ ಬಗ್ಗೆ. ನೀವು ನುಂಗುವುದು ಒಂದು ಬಾಟಲಿಯಲ್ಲಿರುವುದನ್ನು. ಇವೆರಡರ ನಡುವೆ ಎಷ್ಟು ದೂರ ಇದೆ ಅಂತ ಗೊತ್ತಿದ್ದವರಿಗೆ ಮಾತ್ರ ಇದು ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲು ಅದು ಏನು, ಹೇಗೆ ಅಂತ ಹೇಳಿಬಿಡುತ್ತೇನೆ. 1999ರಿಂದ ನಡೆಯುತ್ತಿರುವ ಸೈಟ್ ಇದು. ದುಡ್ಡು ಕೊಡಬೇಕಾಗಿಲ್ಲ, ಹೆಸರು ಕೊಡಬೇಕಾಗಿಲ್ಲ, ಲಾಗಿನ್ ಮಾಡಬೇಕಾಗಿಲ್ಲ. ಒಂದು ಕಡೆ ನಿಮ್ಮ ಎಚ್‌ಐವಿ ಔಷಧಿಗಳನ್ನು ಆರಿಸುತ್ತೀರಿ, ಪಕ್ಕದಲ್ಲಿ ನೀವು ತೆಗೆದುಕೊಳ್ಳಬೇಕು ಅಂದುಕೊಂಡಿರುವುದನ್ನು ಆರಿಸುತ್ತೀರಿ. ಅದು ಬೇರೆ ಕಾಯಿಲೆಯ ಔಷಧಿ ಇರಬಹುದು, ವಿಟಮಿನ್ ಇರಬಹುದು, ಮೂಲಿಕೆ ಇರಬಹುದು. ಎರಡೂ ಸೇರಿದರೆ ಏನಾಗುತ್ತದೆ ಅಂತ ಅದು ಬಣ್ಣದಲ್ಲಿ ತೋರಿಸುತ್ತದೆ. ಬಣ್ಣದ ಮೇಲೆ ಒತ್ತಿದರೆ ಕೆಳಗೆ ವಿವರ ಬರುತ್ತದೆ. ಅಷ್ಟೇ. ಮಧ್ಯೆ ಯಾರೂ ಏನನ್ನೂ ಮಾರಲು ಬರುವುದಿಲ್ಲ. ಆರೋಗ್ಯದ ವಿಷಯ ಹುಡುಕಿದಾಗೆಲ್ಲ ಕೊನೆಗೆ ಒಂದು 'ಈಗಲೇ ಖರೀದಿಸಿ' ಬಟನ್ ಕಂಡು ಬೇಸತ್ತವರಿಗೆ ಇದೇ ದೊಡ್ಡ ನೆಮ್ಮದಿ.

ಒಂದು ಸಣ್ಣ ಎಚ್ಚರಿಕೆ. ಆ್ಯಪ್‌ನ ಹೆಸರಲ್ಲೇ ಎಚ್‌ಐವಿ ಅಂತಿದೆ. ನಿಮ್ಮ ಫೋನನ್ನು ಮನೆಯವರೆಲ್ಲ ಮುಟ್ಟುತ್ತಾರೆ, ಅವರಿಗೆ ನೀವಿನ್ನೂ ಹೇಳಿಲ್ಲ ಅಂದರೆ ಆ್ಯಪ್ ಹಾಕಿಕೊಳ್ಳಬೇಡಿ. ಬ್ರೌಸರ್‌ನಲ್ಲಿ ಪ್ರೈವೇಟ್ ಟ್ಯಾಬ್ ತೆರೆದು ಸೈಟನ್ನೇ ನೋಡಿ. ಸಿಗುವ ಮಾಹಿತಿ ಅದೇ. ಇಂಥದ್ದನ್ನು ರೂಪಿಸುವವರು ಬಳಸುವವರ ಮನೆ ಪರಿಸ್ಥಿತಿಯನ್ನೂ ಸ್ವಲ್ಪ ಯೋಚಿಸಿ ಐಕಾನ್‌ಗೆ ಬೇರೆ ಹೆಸರು ಇಡಬಹುದಿತ್ತು, ಅಲ್ವಾ?

ಈಗ ಬಣ್ಣಗಳು. ಕೆಂಪು ಅಂದರೆ ಎರಡನ್ನೂ ಸೇರಿಸಬೇಡಿ. ಕೇಸರಿ ಮಿಶ್ರಿತ ಹಳದಿ, ಅಂದರೆ ಆಂಬರ್ ಬಂದರೆ ತೊಂದರೆ ಆಗಬಹುದು, ಡೋಸನ್ನೋ ಸಮಯವನ್ನೋ ಬದಲಿಸಬೇಕು, ಇಲ್ಲವೇ ಗಮನ ಇಟ್ಟು ನೋಡುತ್ತಿರಬೇಕು. ಬರೀ ಹಳದಿ ಇದ್ದರೆ ಸ್ವಲ್ಪ ಪರಿಣಾಮ ಇರಬಹುದು, ಆದರೆ ಸಾಮಾನ್ಯವಾಗಿ ಏನೂ ಮಾಡಬೇಕಾಗಿ ಬರುವುದಿಲ್ಲ. ಹಸಿರು ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ತೊಂದರೆ ನಿರೀಕ್ಷೆಯಿಲ್ಲ. ಇವುಗಳ ಜೊತೆ ಬೂದು ಬಣ್ಣವೂ ಇದೆ, ಸ್ಪಷ್ಟ ಮಾಹಿತಿ ಇಲ್ಲ ಅಂತ ಅರ್ಥ. ಜನ ಎಡವುವುದು ಇಲ್ಲೇ. ಬೂದು ಬಂದರೆ 'ತೊಂದರೆ ಏನೂ ಬರೆದಿಲ್ಲವಲ್ಲ, ನಡೆಯುತ್ತೆ' ಅಂದುಕೊಳ್ಳುತ್ತಾರೆ. ಯಾರೂ ಪರೀಕ್ಷೆ ಮಾಡಿ ನೋಡಿಲ್ಲ ಅಂದ ಮಾತ್ರಕ್ಕೆ ಅದು ಸುರಕ್ಷಿತ ಆಗುವುದಿಲ್ಲ. ಮೂಲಿಕೆಗಳ ವಿಷಯದಲ್ಲಂತೂ ಪರೀಕ್ಷೆ ಆಗಿರುವುದಕ್ಕಿಂತ ಆಗದಿರುವುದೇ ಜಾಸ್ತಿ.

ನನಗೆ ಈ ಸೈಟ್‌ನಿಂದ ನಿಜಕ್ಕೂ ಉಪಯೋಗ ಆಗಿರುವುದು ಆಂಬರ್ ಬಣ್ಣದಿಂದ. ಮೂಲಿಕೆ ಅಂದರೆ ಎಲ್ಲರೂ ಹುಷಾರಾಗಿರುತ್ತಾರೆ, ಆದರೆ ಮಾಮೂಲಿ ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಐರನ್ ಮಾತ್ರೆ, ಎದೆಯುರಿಗೆ ಚಪ್ಪರಿಸುವ ಆಂಟಾಸಿಡ್, ಇವುಗಳನ್ನು ಯಾರೂ ಔಷಧಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾಕ್ಟರು 'ಬೇರೆ ಏನಾದರೂ ತಗೋತಿದ್ದೀರಾ' ಅಂದರೆ 'ಇಲ್ಲ ಸಾರ್' ಅಂತ ಹೇಳಿ ಬರುತ್ತೇವೆ. ಈಗ ಡೊಲುಟೆಗ್ರಾವಿರ್ ಅನ್ನುವ ಎಚ್‌ಐವಿ ಔಷಧಿಯನ್ನು ಒಂದು ಕಡೆ, ಮಲ್ಟಿವಿಟಮಿನ್ ಅನ್ನು ಇನ್ನೊಂದು ಕಡೆ ಹಾಕಿ ನೋಡಿ. ಆಂಬರ್ ಬರುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸದಾಗಿ ಚಿಕಿತ್ಸೆ ಶುರು ಮಾಡುವವರಿಗೆ ಮೊದಲ ಆಯ್ಕೆ ಅಂತ ಮತ್ತೆ ಖಚಿತಪಡಿಸಿದ ಔಷಧಿ ಡೊಲುಟೆಗ್ರಾವಿರ್. ಹಾಗಾಗಿ ಇದನ್ನು ಓದುತ್ತಿರುವ ಬಹಳಷ್ಟು ಜನ ಅದನ್ನೇ ತೆಗೆದುಕೊಳ್ಳುತ್ತಿರಬಹುದು.

ಆಗುವುದು ಇಷ್ಟು. ಡೊಲುಟೆಗ್ರಾವಿರ್ ಗುಂಪಿನ ಔಷಧಿಗಳು ಮೆಗ್ನೀಷಿಯಂ, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಇಂಥವು ಹೊಟ್ಟೆಯಲ್ಲಿ ಸಿಕ್ಕರೆ ಅವಕ್ಕೆ ಅಂಟಿಕೊಂಡುಬಿಡುತ್ತವೆ. ಅಂಟಿಕೊಂಡ ಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಮಾತ್ರೆ ನುಂಗಿರುತ್ತೀರಿ, ಆದರೆ ರಕ್ತಕ್ಕೆ ಸೇರಬೇಕಾದಷ್ಟು ಸೇರಿರುವುದಿಲ್ಲ. ಎಷ್ಟು ಕಡಿಮೆ ಅಂತ ಆರೋಗ್ಯವಂತರಲ್ಲಿ ಅಳೆದು ನೋಡಿದ್ದಾರೆ: ಮೆಗ್ನೀಷಿಯಂ-ಅಲ್ಯೂಮಿನಿಯಂ ಇರುವ ಆಂಟಾಸಿಡ್ ಜೊತೆಗೇ ತೆಗೆದುಕೊಂಡಾಗ ದೇಹಕ್ಕೆ ಸಿಕ್ಕ ಡೊಲುಟೆಗ್ರಾವಿರ್ 74 ಶೇಕಡಾ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಮಾತ್ರೆ ಜೊತೆ 54 ಶೇಕಡಾ, ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ 39 ಶೇಕಡಾ, ಮಲ್ಟಿವಿಟಮಿನ್ ಜೊತೆ 33 ಶೇಕಡಾ. ಒಂದು ದಿನ ಹೀಗಾದರೆ ಆಕಾಶ ಬೀಳುವುದಿಲ್ಲ. ದಿನಾ ಹೀಗೇ ನಡೆದರೆ ವೈರಸ್ ಮತ್ತೆ ತಲೆ ಎತ್ತುವುದಕ್ಕೆ, ಔಷಧಿಗೆ ಬಗ್ಗದಂತೆ ಬದಲಾಗುವುದಕ್ಕೆ ಅವಕಾಶ ಸಿಗುತ್ತದೆ. ಒಂದು ಡೋಸನ್ನೂ ತಪ್ಪಿಸದ ಮನುಷ್ಯನಿಗೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಯಾಕೆ ಏರಿತು ಅಂತ ತಲೆ ಕೆಡಿಸಿಕೊಳ್ಳುವಾಗ ಈ ವಿಟಮಿನ್ ಬಾಟಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಆಂಬರ್ ಮೇಲೆ ಒತ್ತಿ ಪೂರ್ತಿ ಓದಿದರೆ ಬಿಡಿಸುವ ದಾರಿಯೂ ಅಲ್ಲೇ ಇರುತ್ತದೆ. ಬಹಳಷ್ಟು ಸಲ ಬಿಡಬೇಕಾಗಿರುವುದು ವಿಟಮಿನ್ ಅನ್ನೇ ಏನಲ್ಲ, ಬದಲಿಸಬೇಕಾಗಿರುವುದು ಗಡಿಯಾರದ ಹೊತ್ತು. ಡೊಲುಟೆಗ್ರಾವಿರ್ ನುಂಗಿ 2 ಗಂಟೆ ಆದ ಮೇಲೆ ಆಂಟಾಸಿಡ್ ತೆಗೆದುಕೊಳ್ಳಬಹುದು. ಆಂಟಾಸಿಡ್ ಮೊದಲು ತೆಗೆದುಕೊಂಡಿದ್ದರೆ ಡೊಲುಟೆಗ್ರಾವಿರ್‌ಗೆ 6 ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಐರನ್, ಮಲ್ಟಿವಿಟಮಿನ್ ಇದ್ದರೆ ಇನ್ನೊಂದು ಸುಲಭದ ದಾರಿ ಇದೆ: ಎರಡನ್ನೂ ಊಟದ ಜೊತೆ ಒಟ್ಟಿಗೇ ತೆಗೆದುಕೊಳ್ಳಬಹುದು, ಊಟ ಇದ್ದಾಗ ಆ ಕೊರತೆ ತುಂಬಿಬರುತ್ತದೆ. ಖಾಲಿ ಹೊಟ್ಟೆ ಆದರೆ ಮತ್ತೆ ಅದೇ 2 ಗಂಟೆ, 6 ಗಂಟೆ ಲೆಕ್ಕ. ಗಮನಿಸಿ, ಊಟದ ಈ ರಿಯಾಯಿತಿ ಮೆಗ್ನೀಷಿಯಂ-ಅಲ್ಯೂಮಿನಿಯಂ ಆಂಟಾಸಿಡ್‌ಗೆ ಇಲ್ಲ. ನಿದ್ದೆಗೆ, ಸೆಳೆತಕ್ಕೆ ಅಂತ ಬರೀ ಮೆಗ್ನೀಷಿಯಂ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಆಂಟಾಸಿಡ್ ಥರವೇ ದೂರ ಇಡುವುದು ಒಳ್ಳೆಯದು. ನಾನು ಮಾಡುವುದು ಇನ್ನೂ ಸುಲಭ: ಎಆರ್‌ಟಿ ರಾತ್ರಿ, ಉಳಿದದ್ದೆಲ್ಲ ಬೆಳಿಗ್ಗೆ. ಲೆಕ್ಕ ಹಾಕುವ ತಲೆನೋವೇ ಇಲ್ಲ. ದಿನಕ್ಕೆ ಎರಡು ಸಲ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಿಗೆ ಇದು ಅಷ್ಟು ಸಲೀಸಲ್ಲ. ಅವರು ಕ್ಲಿನಿಕ್‌ನಲ್ಲಿ ಕೂತು ವೇಳಾಪಟ್ಟಿ ಬರೆಸಿಕೊಳ್ಳಬೇಕು.

ಒಂದು ಮಾತು ಸೇರಿಸುತ್ತೇನೆ. ಈ ಖನಿಜಗಳು ಎಲ್ಲೆಲ್ಲೋ ಅಡಗಿ ಕೂತಿರುತ್ತವೆ. ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಮಾತ್ರೆ, ಪ್ರೊಟೀನ್ ಪೌಡರ್, ಮೂಳೆಗೆ ಅಂತ ಮಾರುವ ವಿಟಮಿನ್ ಡಿ, ಗರ್ಭಿಣಿಯರಿಗೆ ಕೊಡುವ ಮಾತ್ರೆ, ಎಲ್ಲದರ ಹಿಂದಿನ ಲೇಬಲ್ ತಿರುಗಿಸಿ ನೋಡಿ. ವಿಟಮಿನ್ ಡಿ ಒಂದೇ ಇದ್ದರೆ ಡೊಲುಟೆಗ್ರಾವಿರ್‌ಗೆ ಏನೂ ಆಗುವುದಿಲ್ಲ. ಅದೇ ಮಾತ್ರೆಯಲ್ಲಿ ಕ್ಯಾಲ್ಸಿಯಂ ಸೇರಿದ್ದರೆ ವಿಷಯ ಬೇರೆ. ಹೀಗಾಗಿ ಬಾಟಲಿಯ ಮುಂದೆ ದಪ್ಪಕ್ಷರದಲ್ಲಿ ಬರೆದಿರುವ ಹೆಸರನ್ನು ಚೆಕರ್‌ಗೆ ಹಾಕಿ ಪ್ರಯೋಜನ ಇಲ್ಲ. ಹಿಂದೆ ಸಣ್ಣಕ್ಷರದಲ್ಲಿ ಇರುವ ಒಂದೊಂದನ್ನೂ ಹಾಕಬೇಕು. ಬೇಜಾರಿನ ಕೆಲಸ. ಆದರೆ ಒಂದು ಬಾಟಲಿಗೆ ಒಂದು ಸಲ ಮಾಡಿದರೆ ಮುಗಿಯಿತು.

ನಿಮ್ಮ ಪರಿಚಯದವರ ವೇಳಾಪಟ್ಟಿಯನ್ನು ಎರವಲು ಪಡೆಯಬೇಡಿ ಅಂತ ಕೂಡ ಈ ಸೈಟ್ ನೋಡಿದರೇ ಅರ್ಥ ಆಗುತ್ತದೆ. ಡೊಲುಟೆಗ್ರಾವಿರ್ ತೆಗೆದು ಆ ಜಾಗದಲ್ಲಿ ಎಫಾವಿರೆಂಜ್ ಅನ್ನುವ ಇನ್ನೊಂದು ಎಚ್‌ಐವಿ ಔಷಧಿ ಇಟ್ಟು ನೋಡಿ, ಕ್ಯಾಲ್ಸಿಯಂ ಗಲಾಟೆಯೇ ಇಲ್ಲ. ರಿಲ್ಪಿವಿರಿನ್ ಇಟ್ಟರೆ ಸಮಸ್ಯೆ ಬೇರೆ ರೂಪದಲ್ಲಿ ಬರುತ್ತದೆ: ಆ ಔಷಧಿ ಕರಗಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು, ಆಮ್ಲ ಇಳಿಸುವ ಆಂಟಾಸಿಡ್ ಅನ್ನು ರಿಲ್ಪಿವಿರಿನ್‌ಗಿಂತ 2 ಗಂಟೆ ಮುಂಚೆ ಇಲ್ಲವೇ 4 ಗಂಟೆ ನಂತರ ತೆಗೆದುಕೊಳ್ಳಬೇಕು. ಆಮ್ಲ ಹುಟ್ಟುವುದನ್ನೇ ತಡೆಯುವ ಒಮೆಪ್ರಜೋಲ್ ಥರದ್ದನ್ನಂತೂ ಅದರ ಜೊತೆ ತೆಗೆದುಕೊಳ್ಳಲೇಬಾರದು. ಲೆಕ್ಕ ಡೊಲುಟೆಗ್ರಾವಿರ್‌ಗೆ ಪೂರ್ತಿ ಉಲ್ಟಾ ಆಯಿತು ನೋಡಿ. ಒಂದೇ ಎದೆಯುರಿ, ಒಂದೇ ಆಂಟಾಸಿಡ್, ಇಬ್ಬರಿಗೆ ಎರಡು ಉತ್ತರ.

ಇನ್ನು ಕೆಂಪು ಬಣ್ಣಕ್ಕೆ ಬರೋಣ. ಸೇಂಟ್ ಜಾನ್ಸ್ ವರ್ಟ್ ಅಂತ ಒಂದು ಮೂಲಿಕೆ ಇದೆ, ಹಳದಿ ಹೂವಿನ ಗಿಡ. ಮನಸ್ಸಿಗೆ ಬೇಜಾರು, ಖಿನ್ನತೆ ಅಂದರೆ ಅದರ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾರೆ. ಚೀಟಿ ಇಲ್ಲದೆ ಎಷ್ಟೋ ಕಡೆ ಸಿಗುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಸಂಶೋಧಕರು ಇದನ್ನು ಇಂಡಿನಾವಿರ್ ಎಂಬ ಎಚ್‌ಐವಿ ಔಷಧಿಯ ಜೊತೆ ಕೊಟ್ಟು ನೋಡಿದಾಗ ಇಂಡಿನಾವಿರ್ ಮಟ್ಟ ಸರಾಸರಿ 57 ಶೇಕಡಾ ಕುಸಿದಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಈ ಮೂಲಿಕೆ ಔಷಧಿಗೆ ಅಂಟಿಕೊಳ್ಳುವುದಿಲ್ಲ, ಲಿವರ್ ಮತ್ತು ಕರುಳಿನಲ್ಲಿ ಔಷಧಿಯನ್ನು ಒಡೆದು ಹೊರಗೆ ಹಾಕುವ ವ್ಯವಸ್ಥೆಗೇ ವೇಗ ಕೊಡುತ್ತದೆ. ಆದ್ದರಿಂದ ಹೊತ್ತು ಬದಲಿಸಿ ತೆಗೆದುಕೊಂಡರೂ ಉಪಯೋಗ ಇಲ್ಲ. ಬೆಳಿಗ್ಗೆ ಇದು, ರಾತ್ರಿ ಅದು ಅನ್ನುವ ಉಪಾಯ ಇಲ್ಲಿ ನಡೆಯುವುದೇ ಇಲ್ಲ. ನಿಲ್ಲಿಸಿದ ಮಾರನೇ ದಿನ ಪರಿಣಾಮ ಹೋಗುವುದೂ ಇಲ್ಲ, ವಾರಗಟ್ಟಲೆ ಉಳಿಯುತ್ತದೆ. ಎಚ್‌ಐವಿ ಔಷಧಿಗಳಾದ ರಿಲ್ಪಿವಿರಿನ್, ಡೊರಾವಿರಿನ್, ಬಿಕ್ಟೆಗ್ರಾವಿರ್, ದಾರುನಾವಿರ್ ಯಾವುದನ್ನು ಹಾಕಿ ನೋಡಿದರೂ ಇದರ ಜೊತೆ ಬೇಡ ಅನ್ನುವುದೇ ಉತ್ತರ. ಡೊಲುಟೆಗ್ರಾವಿರ್ ಮಟ್ಟವನ್ನೂ ಇಳಿಸುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದೀರಿ ಅಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಇವತ್ತೇ ಕ್ಲಿನಿಕ್‌ಗೆ ಫೋನ್ ಮಾಡಿ. ಖಿನ್ನತೆಗೆ ಎಆರ್‌ಟಿಗೆ ಹೊಂದುವ ಔಷಧಿಗಳು ಬೇಕಾದಷ್ಟಿವೆ, ಅದನ್ನೂ ಕೇಳಿ. ಮೂಲಿಕೆ ನಿಲ್ಲಿಸಿ ಅಂತಷ್ಟೇ ಹೇಳಿ ಮನಸ್ಸಿನ ಸಂಕಟಕ್ಕೆ ಏನೂ ಕೊಡದೆ ಕಳಿಸುವ ಡಾಕ್ಟರು ಅರ್ಧ ಕೆಲಸ ಮಾಡಿದ ಹಾಗೆ.

ಬೆಳ್ಳುಳ್ಳಿ ವಿಷಯ ಸ್ವಲ್ಪ ತಮಾಷೆಯದು. ಸಕ್ವಿನಾವಿರ್ ಅನ್ನುವ ಹಳೆಯ ಔಷಧಿಯ ಜೊತೆ ಬೆಳ್ಳುಳ್ಳಿ ಮಾತ್ರೆ ಕೊಟ್ಟಾಗ ಅದರ ಮಟ್ಟ ಸುಮಾರು ಅರ್ಧಕ್ಕೆ ಇಳಿದಿತ್ತು. ಈ ಸುದ್ದಿ ಹರಡಿ ಹರಡಿ ಕೊನೆಗೆ 'ಎಚ್‌ಐವಿ ಇದ್ದವರು ಬೆಳ್ಳುಳ್ಳಿ ತಿನ್ನಬಾರದು' ಅಂತ ಆಗಿಬಿಟ್ಟಿದೆ. ಹಾಗೇನಿಲ್ಲ. ಪರೀಕ್ಷೆ ಮಾಡಿದ್ದು ಗಟ್ಟಿ ಮಾಡಿದ ಮಾತ್ರೆಯನ್ನು, ದಿನಾ ಎರಡು ಹೊತ್ತು, ವಾರಗಟ್ಟಲೆ. ಅಡುಗೆಗೆ ಹಾಕುವ ಬೆಳ್ಳುಳ್ಳಿಗೆ ಅದನ್ನು ತಂದು ಅಂಟಿಸಬಾರದು. ಅರಿಶಿನಕ್ಕೂ ಇದೇ ಮಾತು. ಅಡುಗೆಯಲ್ಲಿ ಚಿಟಿಕೆ ಬೇರೆ, ಕರ್ಕ್ಯುಮಿನ್ ಗಟ್ಟಿ ಮಾಡಿ ತುಂಬಿದ ಕ್ಯಾಪ್ಸೂಲ್ ಬೇರೆ. ಅಂಥ ಕ್ಯಾಪ್ಸೂಲ್‌ಗಳಲ್ಲಿ ಚೆನ್ನಾಗಿ ಹೀರಿಕೊಳ್ಳಲಿ ಅಂತ ಕಾಳುಮೆಣಸಿನ ಸಾರವಾದ ಪೈಪರಿನ್ ಸೇರಿಸಿರುತ್ತಾರೆ. ಪೈಪರಿನ್ ಕೆಲಸವೇ ದೇಹ ಪದಾರ್ಥಗಳನ್ನು ಹೊರಗೆ ಹಾಕುವ ವೇಗವನ್ನು ತಗ್ಗಿಸುವುದು. ಅದು ಕರ್ಕ್ಯುಮಿನ್‌ಗೆ ಮಾತ್ರ ಹಾಗೆ ಮಾಡಿ ನಿಮ್ಮ ಔಷಧಿಯನ್ನು ಸುಮ್ನೆ ಬಿಡುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ನೆವಿರಪಿನ್ ಅನ್ನುವ ಎಚ್‌ಐವಿ ಔಷಧಿಯ ಜೊತೆ ಪೈಪರಿನ್ ಪರೀಕ್ಷಿಸಿದಾಗ ನೆವಿರಪಿನ್ ಮಟ್ಟ ಏರಿದ್ದು ಕಂಡಿದೆ.

ಮಟ್ಟ ಇಳಿಯುವುದು ಒಂದು ತೊಂದರೆ, ಏರುವುದು ಇನ್ನೊಂದು. ರಿಟೊನಾವಿರ್ ಅಥವಾ ಕೋಬಿಸಿಸ್ಟಾಟ್ ಸೇರಿರುವ ಚಿಕಿತ್ಸೆಯಲ್ಲಿರುವವರು ಇದನ್ನು ಚೆನ್ನಾಗಿ ಓದಿಕೊಳ್ಳಬೇಕು. ಈ ಎರಡೂ ಬೂಸ್ಟರ್‌ಗಳು. ಲಿವರ್ ಔಷಧಿಯನ್ನು ಒಡೆಯುವುದನ್ನು ಬೇಕೆಂದೇ ತಡೆದು, ದಾರುನಾವಿರ್ ಥರದ್ದನ್ನು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತವೆ. ಅದೇ ಬಾಗಿಲಿನಿಂದ ಹೊರಗೆ ಹೋಗಬೇಕಾದ ಬೇರೆ ಪದಾರ್ಥಗಳೂ ಆಗ ಒಳಗೇ ಉಳಿಯುತ್ತವೆ. ಕೊಲೆಸ್ಟ್ರಾಲ್‌ಗೆ 'ನೈಸರ್ಗಿಕ' ಅಂತ ಮಾರುವ ರೆಡ್ ಯೀಸ್ಟ್ ರೈಸ್ ಅನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಮೊನಾಕೊಲಿನ್ ಕೆ ಅಂದರೆ ಲೊವಾಸ್ಟಾಟಿನ್ ಅನ್ನುವ ಔಷಧಿಯೇ, ಎರಡೂ ಒಂದೇ ರಾಸಾಯನಿಕ. ಲೊವಾಸ್ಟಾಟಿನ್ ಮತ್ತು ರಿಟೊನಾವಿರ್ ಅನ್ನು ಚೆಕರ್‌ಗೆ ಹಾಕಿದರೆ ಕಣ್ಣು ಕುಕ್ಕುವ ಕೆಂಪು. ಮಾಂಸಖಂಡ ಕರಗಿ ಕಿಡ್ನಿ ಕೈಕೊಡುವಷ್ಟು ದೂರ ಹೋಗಬಹುದು. ಡಾಕ್ಟರು ಬರೆದರೆ ಬೇಡ ಅನ್ನಬೇಕಾದ ಔಷಧಿ ಮೂಲಿಕೆಯ ಹೆಸರಲ್ಲಿ ಮನೆಗೆ ಬಂದಿರುತ್ತದೆ. ಇದು ನಾನು ಕಲಿತ ಒಂದು ಉಪಾಯ ಕೂಡ: ಮೂಲಿಕೆಯ ಹೆಸರು ಸೈಟ್‌ನಲ್ಲಿ ಸಿಗದಿದ್ದರೆ ಅದರೊಳಗೆ ಕೆಲಸ ಮಾಡುವ ಪದಾರ್ಥ ಯಾವುದು ಅಂತ ಹುಡುಕಿ, ಅದನ್ನು ಹಾಕಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಹೆದರಿ ಎಲ್ಲವನ್ನೂ ಎಸೆಯಬೇಕಾಗಿಲ್ಲ. ಈ ಸೈಟ್‌ನಲ್ಲಿ ನನಗೆ ಇಷ್ಟವಾಗುವುದು ಅದು ಸುಮ್ಮಸುಮ್ಮನೆ ಹೆದರಿಸುವುದಿಲ್ಲ. ವಿಟಮಿನ್ ಡಿ, ಬಿ12 ಇಂಥವುಗಳಿಗೆ ಹಸಿರು ಸಿಗುತ್ತದೆ. ಲಿವರ್‌ಗೆ ಅಂತ ತೆಗೆದುಕೊಳ್ಳುವ ಮಿಲ್ಕ್ ಥಿಸಲ್ ಅನ್ನು ದಾರುನಾವಿರ್-ರಿಟೊನಾವಿರ್ ಜೊತೆ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ. ಎಲ್ಲ ಮೂಲಿಕೆಗೂ 'ಬೇಡ' ಅಂತ ಒಂದೇ ಮಾತಲ್ಲಿ ಹೇಳಿ ಕೈತೊಳೆದುಕೊಳ್ಳುವವರ ಮಾತನ್ನು ಜನ ಕೇಳುವುದಿಲ್ಲ. ಮುಚ್ಚಿಟ್ಟು ತೆಗೆದುಕೊಳ್ಳುತ್ತಾರೆ, ಅಷ್ಟೇ.

ವಿವರದಲ್ಲಿ ಇನ್ನೊಂದು ಸಾಲು ಇರುತ್ತದೆ, ಬಹಳ ಜನ ನೋಡದೆ ದಾಟಿಬಿಡುತ್ತಾರೆ. ಆ ಉತ್ತರಕ್ಕೆ ಇರುವ ಆಧಾರ ಎಷ್ಟು ಗಟ್ಟಿ ಅಂತ ಅದರಲ್ಲಿ ಬರೆದಿರುತ್ತಾರೆ. ತುಂಬಾ ಕಡಿಮೆ ಅಂತ ಇದ್ದರೆ ಜನರ ಮೇಲೆ ಪ್ರಯೋಗ ಮಾಡಿಲ್ಲ, ಔಷಧಿಯ ಸ್ವಭಾವ ನೋಡಿ ಅಂದಾಜು ಮಾಡಿದ್ದಾರೆ ಅಂತ ಸಾಮಾನ್ಯವಾಗಿ ತಿಳಿದುಕೊಳ್ಳಬಹುದು. ಮೂಲಿಕೆಗಳ ಹಸಿರು ಎಷ್ಟೋ ಸಲ ಇಂಥ ಅಂದಾಜಿನ ಹಸಿರು. ಹಾಗಂತ ಅದು ಸುಳ್ಳಲ್ಲ. ಅದರ ಮೇಲೆ ಎಷ್ಟು ಭಾರ ಹಾಕಬಹುದು ಅಂತ ನಿಮಗೆ ಗೊತ್ತಿರಬೇಕು.

ಈಗ ದೂರುಗಳು. ಮೊದಲನೆಯದು, ಮತ್ತು ದೊಡ್ಡದು, ಚೆಕರ್‌ಗೆ ಬಾಟಲಿಯೊಳಗೆ ನಿಜವಾಗಿ ಏನಿದೆ ಅಂತ ಗೊತ್ತಿಲ್ಲ. ಅದರ ತಪ್ಪೇನಲ್ಲ, ಆದರೆ ನೀವು ನೆನಪಿಟ್ಟುಕೊಳ್ಳಬೇಕು. ಇಪ್ಪತ್ತು ಮೂಲಿಕೆ ಸೇರಿಸಿ ಮಾಡಿದ 'ವಿಶೇಷ ಮಿಶ್ರಣ' ಅಂತ ಬರೆದು ಯಾವುದು ಎಷ್ಟಿದೆ ಅಂತ ಹೇಳದ ಬಾಟಲಿಗಳಿರುತ್ತವೆ. ಅದಕ್ಕಿಂತ ಕೆಟ್ಟದ್ದು, ಲೇಬಲ್ ಮೇಲೆ ಇಲ್ಲದ್ದು ಒಳಗಿರುವುದು. ಗಂಡಸರ ಶಕ್ತಿಗೆ ಅಂತ ಮಾರುವ ಮೂಲಿಕೆ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿ) ಬೆರೆಸಿರುವುದನ್ನು ಎಫ್‌ಡಿಎ ಮತ್ತೆ ಮತ್ತೆ ಹಿಡಿದಿದೆ. ಪೂರ್ತಿ ಡೋಸ್ ರಿಟೊನಾವಿರ್ ಜೊತೆ ಕೊಟ್ಟು ನೋಡಿದಾಗ ಸಿಲ್ಡೆನಾಫಿಲ್ ರಕ್ತದಲ್ಲಿ 11 ಪಟ್ಟು ಏರಿದ್ದು ಕಂಡಿದೆ. ಅದಕ್ಕೇ ರಿಟೊನಾವಿರ್ ತೆಗೆದುಕೊಳ್ಳುವವರಿಗೆ 48 ಗಂಟೆಗೆ 25 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಹಾಕಿದ್ದಾರೆ. ಕದ್ದು ಬೆರೆಸಿದವನು ಎಷ್ಟು ಹಾಕಿದ್ದಾನೆ ಅಂತ ಯಾರಿಗೆ ಗೊತ್ತು? ಕೀಲುನೋವಿನ ಮೂಲಿಕೆ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿರುವುದೂ ಇದೆ. ಬೂಸ್ಟರ್ ತೆಗೆದುಕೊಳ್ಳುವವರ ದೇಹದಲ್ಲಿ ಸ್ಟೀರಾಯ್ಡ್ ಕೂಡಿಕೊಳ್ಳುತ್ತದೆ. ರಿಲ್ಪಿವಿರಿನ್ ತೆಗೆದುಕೊಳ್ಳುವವರಲ್ಲಿ ಇದೇ ಡೆಕ್ಸಾಮೆಥಾಸೋನ್ ಅವರ ಔಷಧಿಯ ಮಟ್ಟವನ್ನೇ ಇಳಿಸುತ್ತದೆ. ನೋವು ಎರಡೇ ದಿನಕ್ಕೆ ಮಾಯ ಆಯಿತು ಅಂದರೆ ಖುಷಿಪಡುವ ಮುಂಚೆ ಅನುಮಾನಪಡಿ. ಯಾರ್ಯಾರೋ ಕಟ್ಟಿಕೊಡುವ, ಹೆಸರೂ ಇಲ್ಲದ ಪುಡಿಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ದೂರು ಡೋಸ್ ಬಗ್ಗೆ. ಚೆಕರ್ ನೋಡುವುದು ಎರಡು ಪದಾರ್ಥಗಳ ಜಗಳವನ್ನು. ಒಂದೇ ಪದಾರ್ಥ ತಾನಾಗಿಯೇ ಅತಿಯಾದರೆ ಏನು ಮಾಡುತ್ತದೆ ಅನ್ನುವುದು ಅದರ ಕೆಲಸ ಅಲ್ಲ. ಹಸಿರು ಬಂತು ಅಂತ ವಿಟಮಿನ್ ಎ ಅನ್ನು ಬೇಕಾದಷ್ಟು ನುಂಗಿದರೆ ಲಿವರ್ ಕೆಡುತ್ತದೆ. ದೊಡ್ಡವರಿಗೆ ದಿನಕ್ಕೆ 3,000 ಮೈಕ್ರೋಗ್ರಾಂ ಮೇಲ್ಮಿತಿ, ಗರ್ಭಿಣಿಯರಲ್ಲಿ ಅದನ್ನು ಮೀರುವುದು ಮಗುವಿಗೇ ಅಪಾಯ. ಬಿ6 ವಿಷಯ ಇನ್ನೂ ಹತ್ತಿರದ್ದು. ಕೈಕಾಲು ಜುಮ್ಮೆನ್ನುತ್ತದೆ ಅಂತ ಎಚ್‌ಐವಿ ಇರುವ ಎಷ್ಟೋ ಜನ ಬಿ6 ಶುರು ಮಾಡುತ್ತಾರೆ. ಜಾಸ್ತಿ ಬಿ6 ದಿನಾ ತೆಗೆದುಕೊಂಡರೆ ಅದೇ ನರಗಳಿಗೆ ಪೆಟ್ಟು ಮಾಡಿ ಅದೇ ಜುಮ್ಮು ತರುತ್ತದೆ. ಅಮೆರಿಕದಲ್ಲಿ ಮೇಲ್ಮಿತಿ 100 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ಕ್ಷಯದ ಐಸೋನಿಯಾಜಿಡ್ ಜೊತೆ ಡಾಕ್ಟರು ಕೊಡುವ ಬಿ6 ಬೇರೆ ಲೆಕ್ಕ, ಅದನ್ನು ನಿಲ್ಲಿಸಬೇಡಿ. ಅದರ ಮೇಲೆ ಇನ್ನೊಂದು ಬಾಟಲಿ ಬೇಡ ಅಷ್ಟೇ. ಡೋಸ್ ತಿಳಿಯಲು ನಾನು ನೋಡುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡಯೆಟರಿ ಸಪ್ಲಿಮೆಂಟ್ಸ್ ಕಚೇರಿ ಪ್ರಕಟಿಸುವ ಹಾಳೆಗಳನ್ನು. ಒಂದೊಂದು ವಿಟಮಿನ್‌ಗೂ ಒಂದೊಂದು ಹಾಳೆ, ಅದೂ ಉಚಿತ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಚಿತ್ರ ಹತ್ತಿರಹತ್ತಿರ ಪೂರ್ತಿಯಾಗುತ್ತದೆ.

ಜಾಸ್ತಿ ವಿಟಮಿನ್ ತೆಗೆದುಕೊಂಡರೆ ಜಾಸ್ತಿ ಶಕ್ತಿ, ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ) ಏರುತ್ತದೆ ಅನ್ನುವವರಿಗೆ ಒಂದು ಪರೀಕ್ಷೆ ನೆನಪಿಸುತ್ತೇನೆ. ತಾಂಜಾನಿಯಾದಲ್ಲಿ ಎಆರ್‌ಟಿ ಶುರು ಮಾಡಿದ 3,418 ಜನರಲ್ಲಿ ಅರ್ಧದಷ್ಟು ಜನಕ್ಕೆ ಬಿ, ಸಿ, ಇ ವಿಟಮಿನ್‌ಗಳನ್ನು ಮಾಮೂಲಿ ಡೋಸಿನಲ್ಲಿ, ಉಳಿದವರಿಗೆ ಅದರ ಹಲವು ಪಟ್ಟು ಕೊಟ್ಟರು. ಕಾಯಿಲೆ ಮುಂದುವರಿಯುವುದರಲ್ಲಿ, ಸಾವಿನಲ್ಲಿ ವ್ಯತ್ಯಾಸ ಆಗಲಿಲ್ಲ. ಜಾಸ್ತಿ ಡೋಸ್ ತೆಗೆದುಕೊಂಡವರಲ್ಲಿ ಲಿವರ್ ಪರೀಕ್ಷೆಯ ಎಎಲ್‌ಟಿ ಹೆಚ್ಚು ಜನರಲ್ಲಿ ಏರಿತು ಅಂತ ಪರೀಕ್ಷೆಯನ್ನು ಮುಂಚೆಯೇ ನಿಲ್ಲಿಸಿದರು. 2012ರಲ್ಲಿ ಪ್ರಕಟವಾಗಿದೆ. ಕೊರತೆ ಇದ್ದರೆ ತುಂಬಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಎಫಾವಿರೆಂಜ್ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಡಿ ಕಡಿಮೆಯಾಗುವುದು ಗೊತ್ತಿರುವ ವಿಷಯ, ಟೆನೊಫೊವಿರ್ ಡಿಸೊಪ್ರಾಕ್ಸಿಲ್ ಅನ್ನುವ ಎಚ್‌ಐವಿ ಔಷಧಿ ಮೂಳೆಯನ್ನು ಸ್ವಲ್ಪ ಸೊರಗಿಸುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ಡಿ ತೆಗೆದುಕೊಳ್ಳುವುದರಲ್ಲಿ ಅರ್ಥ ಇದೆ. ಕೊರತೆ ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. ಸಿಡಿ4 ಏರಿಸುವುದು ಎಆರ್‌ಟಿ. ವೈರಸ್ ಅನ್ನು ಮೂಲಿಕೆಯಿಂದ ಓಡಿಸುತ್ತೇವೆ, ಮಾತ್ರೆ ನಿಲ್ಲಿಸಿ ಅನ್ನುವವರು ಸಿಕ್ಕರೆ ಅವರ ಮುಂದೆ ಚೆಕರ್ ತೆರೆಯುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ, ಎದ್ದು ಬನ್ನಿ.

ಚೆಕರ್‌ನಲ್ಲಿ ಕಾಣದ ಇನ್ನೊಂದು ತೊಂದರೆ, ರಕ್ತ ಪರೀಕ್ಷೆಯ ವರದಿ ಅಡ್ಡದಾರಿ ಹಿಡಿಯುವುದು. ಜಿಮ್‌ಗೆ ಹೋಗುವವರು ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಾರೆ, ಅದು ದೇಹದಲ್ಲಿ ಕ್ರಿಯಾಟಿನಿನ್ ಆಗುತ್ತದೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಅಳೆಯುವುದು ಇದನ್ನೇ. ಡೊಲುಟೆಗ್ರಾವಿರ್ ಕೂಡ ಕಿಡ್ನಿಗೆ ಏನೂ ಮಾಡದೆಯೇ ಕ್ರಿಯಾಟಿನಿನ್ ಅಂಕಿಯನ್ನು ಸ್ವಲ್ಪ ಏರಿಸುತ್ತದೆ. ಟೆನೊಫೊವಿರ್ ಡಿಸೊಪ್ರಾಕ್ಸಿಲ್ ಇದ್ದರೆ ಕಿಡ್ನಿಯನ್ನು ಡಾಕ್ಟರು ಹೇಗೂ ಕಣ್ಣಿಟ್ಟು ನೋಡುತ್ತಿರುತ್ತಾರೆ. ಮೂರೂ ಸೇರಿದಾಗ ವರದಿಯಲ್ಲಿ ಬಂದ ಅಂಕಿ ಯಾವುದರದ್ದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ, ಕಿಡ್ನಿ ಕೆಡುತ್ತಿದೆ ಅಂದುಕೊಂಡು ಚೆನ್ನಾಗಿ ಕೆಲಸ ಮಾಡುತ್ತಿರುವ ಔಷಧಿಯನ್ನೇ ಬದಲಿಸುವ ಪರಿಸ್ಥಿತಿ ಬರಬಹುದು. ಪುಡಿ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆಯೇ ಹೇಳಿಬಿಡಿ. ಕೂದಲು, ಉಗುರಿಗೆ ಅಂತ ತೆಗೆದುಕೊಳ್ಳುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ, ಎದೆನೋವು ಬಂದಾಗ ಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪು ತೋರಿಸಬಹುದು ಅಂತ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಅಶ್ವಗಂಧದಿಂದ ಅಪರೂಪಕ್ಕೆ ಲಿವರ್‌ಗೆ ಪೆಟ್ಟಾದ ವರದಿಗಳಿವೆ. ಎಎಲ್‌ಟಿ ಏರಿದಾಗ ಬೈಸಿಕೊಳ್ಳುವುದು ಎಆರ್‌ಟಿ, ನಿಜವಾದ ಅಪರಾಧಿ ಅಡುಗೆಮನೆ ಕಪಾಟಿನಲ್ಲಿ ಕೂತಿರಬಹುದು.

ಬಳಸುವ ಅನುಭವದ ಬಗ್ಗೆಯೂ ಎರಡು ಮಾತು. ಇಡೀ ಸೈಟ್ ಇಂಗ್ಲಿಷ್‌ನಲ್ಲಿದೆ, ಅದೂ ಡಾಕ್ಟರುಗಳ ಇಂಗ್ಲಿಷ್. ಬಣ್ಣ ಎಲ್ಲರಿಗೂ ಅರ್ಥ ಆಗುತ್ತದೆ, ಒಳಗಿನ ವಿವರ ಓದಲು ಕಷ್ಟ. ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಇದ್ದರೆ ಮೂರನ್ನೂ ಹಾಕಬೇಕು, ಒಂದೇ ಹಾಕಿ ಹಸಿರು ಕಂಡು ಎದ್ದು ಹೋಗಬೇಡಿ. ಮಾತ್ರೆಯ ಡಬ್ಬಿಯ ಮೇಲೆ ಮೂರರ ಹೆಸರೂ ಇರುತ್ತದೆ, ಅದನ್ನು ನೋಡಿಕೊಂಡೇ ಹಾಕಿ.

ಉತ್ತರ ಸಿಕ್ಕ ಮೇಲೆ ನಾನು ಮಾಡುವುದು ಇಷ್ಟು. ಬಾಟಲಿಯ ಹಿಂದಿನ ಲೇಬಲ್ಲಿನ ಫೋಟೋ, ಚೆಕರ್‌ನ ಪರದೆಯ ಫೋಟೋ, ಎರಡನ್ನೂ ಕ್ಲಿನಿಕ್‌ನ ಫಾರ್ಮಸಿಸ್ಟ್‌ಗೆ ತೋರಿಸುತ್ತೇನೆ. 'ಮೂಲಿಕೆ ತಗೋಬಹುದಾ ಸಾರ್' ಅಂತ ಕೇಳಿದರೆ 'ಬೇಡ' ಅಂತ ಒಂದೇ ಪದ ಬರುತ್ತದೆ. 'ಇದರಲ್ಲಿ ಇಷ್ಟು ಮಿಲಿಗ್ರಾಂ ಜಿಂಕ್ ಇದೆ, ನಾನು ಡೊಲುಟೆಗ್ರಾವಿರ್ ರಾತ್ರಿ ತೆಗೆದುಕೊಳ್ಳುತ್ತೇನೆ, ಇದನ್ನು ಬೆಳಿಗ್ಗೆ ತೆಗೆದುಕೊಳ್ಳಲಾ' ಅಂದರೆ ಅವರೂ ಕೂತು ಮಾತಾಡುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ವಿಟಮಿನ್ ಕೊಡುವವರಿಗೆ ನಿಮ್ಮ ಎಚ್‌ಐವಿ ಔಷಧಿಯ ವಿಷಯ ಗೊತ್ತಿರುವುದಿಲ್ಲ, ಎಲ್ಲರ ಮುಂದೆ ಹೇಳಲು ಮನಸ್ಸೂ ಬರುವುದಿಲ್ಲ. ಅಂಥ ಜಾಗದಲ್ಲಿ ನಿಂತು ಫೋನಿನಲ್ಲಿ ನೀವೇ ನೋಡಿಕೊಳ್ಳಬಹುದು ಅನ್ನುವುದು ಈ ಸೈಟ್‌ನ ನಿಜವಾದ ಬೆಲೆ. ಒಂದು ಮಾತ್ರ ಮಾಡಬೇಡಿ: ಚೆಕರ್ ಕೆಂಪು ತೋರಿಸಿತು ಅಂತ ಎಆರ್‌ಟಿ ಡೋಸನ್ನು ನೀವೇ ಹೆಚ್ಚು ಕಡಿಮೆ ಮಾಡುವುದು, ನಿಲ್ಲಿಸುವುದು. ಕಾಯುವುದಾದರೆ ವಿಟಮಿನ್ ಕಾಯಲಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಭಾಷೆಗೆ ಮತ್ತು ಆ ಐಕಾನ್ ಹೆಸರಿಗೆ. ಚಿಕಿತ್ಸೆ ಬದಲಾದಾಗ ಮತ್ತೆ ಮೊದಲಿನಿಂದ ಹಾಕಿ ನೋಡುವುದನ್ನು ಮರೆಯಬೇಡಿ, ಹಳೆಯ ಉತ್ತರ ಹೊಸ ಔಷಧಿಗೆ ಹೊಂದುವುದಿಲ್ಲ. ಮಾತ್ರೆಯಿಂದ ಕ್ಯಾಬೊಟೆಗ್ರಾವಿರ್-ರಿಲ್ಪಿವಿರಿನ್ ಇಂಜೆಕ್ಷನ್‌ಗೆ ಹೋದವರನ್ನೇ ನೋಡಿ: ಔಷಧಿ ಹೊಟ್ಟೆಗೆ ಹೋಗುವುದೇ ಇಲ್ಲವಾದ್ದರಿಂದ ಕ್ಯಾಲ್ಸಿಯಂ, ಐರನ್, ಆಂಟಾಸಿಡ್ ಹೊತ್ತಿನ ಲೆಕ್ಕ ಅವರಿಗೆ ಮುಗಿಯಿತು, ಆದರೆ ಸೇಂಟ್ ಜಾನ್ಸ್ ವರ್ಟ್ ಕೆಲಸ ಮಾಡುವುದು ಲಿವರ್‌ನಲ್ಲೂ ಆದ್ದರಿಂದ ಅದರ ಕೆಂಪು ಮಾತ್ರ ಹಾಗೇ ಉಳಿಯುತ್ತದೆ.